ಮಗಳು ಬ್ಯಾಂಡ್ ಡೈರೆಕ್ಟರ್ ಆಗ್ತೀನಿ ಅಂತಿದ್ದಾಳೆ, ಈ ದಾರಿ ಗೊತ್ತಿರೋರು ಸ್ವಲ್ಪ ಹೇಳಿ

ಪ್ಲೇನೋ ಅಮ್ಮ

ಎಲ್ರಿಗೂ ನಮಸ್ಕಾರ. ಇಲ್ಲಿ ಕಾಲೇಜ್ ಅಡ್ಮಿಷನ್ ಬಗ್ಗೆ ಬರೋ ಪೋಸ್ಟೆಲ್ಲ ಕಂಪ್ಯೂಟರ್ ಸೈನ್ಸು ಇಲ್ಲಾ ಮೆಡಿಕಲ್, ನಮ್ಮನೇದು ಬೇರೆ ಕಥೆ, ಅದಕ್ಕೆ ಹೊಸದಾಗಿ ಕೇಳ್ತಿದೀನಿ.

ಮಗಳು 11ನೇ ಕ್ಲಾಸು. ಟೆಕ್ಸಾಸಲ್ಲಿ ಆರನೇ ಕ್ಲಾಸಿಗೆ ಸ್ಕೂಲಲ್ಲೇ ಬ್ಯಾಂಡ್ ಶುರು ಮಾಡಿಸ್ತಾರಲ್ಲ, ಆಗ ಒಂದೊಂದು ವಾದ್ಯದ ಮೌತ್‌ಪೀಸ್ ಕೊಟ್ಟು ಊದಿಸಿ ನೋಡಿ, ಇವಳ ಕಿವಿ ಚೆನ್ನಾಗಿದೆ ಅಂತ ಫ್ರೆಂಚ್ ಹಾರ್ನ್ ಅನ್ನೋ ಊದೋ ಹಿತ್ತಾಳೆ ವಾದ್ಯ ಕೊಟ್ರು. ನಾವು ಹಾಸನದವ್ರು, ಆ ವಾದ್ಯದ ಹೆಸರು ಅವತ್ತೇ ಮೊದಲು ಕೇಳಿದ್ದು. ಈಗ ಆಲ್-ಸ್ಟೇಟ್ ಆಡಿಷನ್‌ನಲ್ಲಿ, ಅಂದ್ರೆ ರಾಜ್ಯಮಟ್ಟದ ವಿದ್ಯಾರ್ಥಿ ಬ್ಯಾಂಡಿನ ಆಯ್ಕೇಲಿ, ರೀಜನ್ ಹಂತ ದಾಟಿ ಏರಿಯಾ ಹಂತದ ತನಕ ಹೋಗಿ ಬಂದಿದ್ದಾಳೆ. ಬೇಸಿಗೆ ರಜಾದಲ್ಲಿ ಆ ಬಿಸಿಲಲ್ಲಿ ಮಾರ್ಚಿಂಗ್ ಪ್ರಾಕ್ಟೀಸು, ಬೆಳಗ್ಗೆ ಹೋದ್ರೆ ಮುಖ ಕೆಂಪಗೆ ಮಾಡ್ಕೊಂಡು ಬರ್ತಾಳೆ, ಆದ್ರೂ ಒಂದಿನ ಬೇಡ ಅಂದವಳಲ್ಲ.

ಹೋದ ವಾರ ಊಟಕ್ಕೆ ಕೂತಾಗ ಹೇಳಿದ್ಲು, ಮ್ಯೂಸಿಕ್ ಎಜುಕೇಶನ್ ಓದ್ತೀನಿ, ಸ್ಕೂಲ್ ಬ್ಯಾಂಡ್ ಟೀಚರ್ ಆಗ್ತೀನಿ, ಆಮೇಲೆ ಯೂನಿವರ್ಸಿಟಿ ವಿಂಡ್ ಬ್ಯಾಂಡ್ (ಊದೋ ವಾದ್ಯಗಳ ತಂಡ) ಕಂಡಕ್ಟ್ ಮಾಡ್ಬೇಕು ಅಂತ. ನಮ್ಮನೆಯವ್ರು ಏನೂ ಮಾತಾಡ್ಲಿಲ್ಲ, ಎದ್ದು ಕೈ ತೊಳ್ಕೊಂಡ್ರು. ಬೈದಿದ್ರೂ ಅವಳಿಗೆ ಅಷ್ಟು ಬೇಜಾರಾಗ್ತಿರಲಿಲ್ಲವೇನೋ.

ನನ್ನ ಪ್ರಶ್ನೆ ಇಷ್ಟು. ಇದು ನಿಜವಾಗ್ಲೂ ಒಂದು ಕೆರಿಯರ್ರಾ? ಎಷ್ಟು ವರ್ಷ ಓದ್ಬೇಕು? ಹುಡುಗಿ, ಅದೂ ನಮ್ಮ ಬಣ್ಣದ ಹುಡುಗಿಗೆ ಆ ಪೋಡಿಯಂ, ಅಂದ್ರೆ ಕಂಡಕ್ಟರ್ ನಿಲ್ಲೋ ಜಾಗ, ಕೊಡ್ತಾರಾ? ನಾವಿನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲೇ ಇದೀವಿ, ಅವಳು ಎಚ್-4, ಅಂದ್ರೆ ನಮ್ಮ ಮೇಲೆ ಡಿಪೆಂಡೆಂಟ್ ವೀಸಾ. ಗೊತ್ತಿರೋರು ದಯವಿಟ್ಟು ಬರೀರಿ, ಕಹಿ ಇದ್ರೂ ಪರವಾಗಿಲ್ಲ.

ಹಾರ್ನ್ ಮೇಷ್ಟ್ರು

ಅಕ್ಕ, ನಿಮ್ಮ ಪೋಸ್ಟ್ ನೋಡಿ ಕೆಲಸ ಬಿಟ್ಟು ಬರೀತಿದೀನಿ. ನಾನೂ ಹಾರ್ನ್ ನುಡಿಸ್ತಿದ್ದವನೇ. ಹತ್ತನೇ ವಯಸ್ಸಿಗೆ ತುಮಕೂರಿಂದ ಇಲ್ಲಿಗೆ ಬಂದೆ, ಎಂಟು ವರ್ಷ ಸ್ಕೂಲಲ್ಲಿ ಬ್ಯಾಂಡ್ ಪಾಠ ಮಾಡಿದೆ, ಈಗ ಮಿಡ್‌ವೆಸ್ಟ್‌ನ ಒಂದು ಯೂನಿವರ್ಸಿಟೀಲಿ ಅಸೋಸಿಯೇಟ್ ಡೈರೆಕ್ಟರ್.

ಮಗಳು ಹೇಳಿದ ಕ್ರಮ ನೋಡಿ, ಮೊದಲು ಸ್ಕೂಲು, ಆಮೇಲೆ ಯೂನಿವರ್ಸಿಟಿ. ಅವಳಿಗೆ ಈ ಕೆಲಸ ಸರಿಯಾಗಿ ಅರ್ಥ ಆಗಿದೆ. ಯೂನಿವರ್ಸಿಟಿ ಕಂಡಕ್ಟರ್ ಅಂದ್ರೆ ಕೋಲು ಹಿಡಿದ ದೊಡ್ಡ ಕಲಾವಿದ ಅಂತ ಹೊರಗಡೆಯವ್ರು ಅಂದ್ಕೋತಾರೆ, ಆದ್ರೆ ಅಮೆರಿಕದಲ್ಲಿ ಈ ಕೆಲಸ ಮೇಷ್ಟ್ರುಗಳಿಂದಲೇ ಬೆಳೆದದ್ದು. ಮಿಷಿಗನ್ ಯೂನಿವರ್ಸಿಟಿ ಬ್ಯಾಂಡನ್ನ 1935ರಿಂದ 1971ರ ತನಕ ನಡೆಸಿದ ವಿಲಿಯಂ ರೆವೆಲ್ಲಿ ಅದಕ್ಕೆ ಮುಂಚೆ ಹತ್ತು ವರ್ಷ ಇಂಡಿಯಾನಾದ ಹೋಬಾರ್ಟ್ ಅನ್ನೋ ಸಣ್ಣ ಊರಲ್ಲಿ ಸ್ಕೂಲ್ ಮೇಷ್ಟ್ರು. ಅವರು ಕಲಿತಿದ್ದು ಪಿಟೀಲು. ಊದೋ ವಾದ್ಯ ಪಾಠ ಮಾಡ್ಬೇಕಲ್ಲ ಅಂತ ಶಿಕಾಗೊ ಸಿಂಫನಿಯವರ ಹತ್ರ ಹೋಗಿ ಒಂದೊಂದೇ ವಾದ್ಯ ಕಲಿತು ಬಂದು ಆ ಮಕ್ಕಳಿಗೆ ಹೇಳ್ಕೊಟ್ರು, ಆ ಸ್ಕೂಲ್ ಬ್ಯಾಂಡ್ ರಾಷ್ಟ್ರಮಟ್ಟದ ಸ್ಪರ್ಧೆಗಳನ್ನ ಗೆದ್ದಾದ ಮೇಲೆ ಮಿಷಿಗನ್‌ನವರು ಕರೆದದ್ದು. ಫ್ರ್ಯಾಂಕ್ ಬ್ಯಾಟಿಸ್ಟಿ ಅವರೂ ಹಾಗೇ, 1967ರ ತನಕ ನ್ಯೂಯಾರ್ಕ್ ರಾಜ್ಯದ ಇಥಾಕಾ ಹೈಸ್ಕೂಲಲ್ಲಿದ್ರು, ಹೈಸ್ಕೂಲ್ ಮಕ್ಕಳಿಗೋಸ್ಕರ ದೊಡ್ಡ ಸಂಯೋಜಕರ ಹತ್ರ ಹೊಸ ಕೃತಿ ಬರೆಸ್ತಿದ್ರು, ಆಮೇಲೆ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರೀಲಿ ವಿಂಡ್ ಎನ್‌ಸೆಂಬಲ್ ಕಟ್ಟಿ ಮೂವತ್ತು ವರ್ಷ ನಡೆಸಿದ್ರು.

ಓದು ಹೇಗೆ ಅಂದ್ರೆ, ಮ್ಯೂಸಿಕ್ ಎಜುಕೇಶನ್ ಬ್ಯಾಚುಲರ್ಸ್ ಹೆಸರಿಗೆ ನಾಲ್ಕು ವರ್ಷ, ತುಂಬ ಜನಕ್ಕೆ ನಾಲ್ಕೂವರೆ ಆಗುತ್ತೆ. ಅವಳ ಹಾರ್ನ್ ಪಾಠ ಇದ್ದೇ ಇರುತ್ತೆ, ಅದರ ಜೊತೆ ಕ್ಲಾರಿನೆಟ್, ಕೊಳಲು, ಓಬೊ, ಟ್ರಂಪೆಟ್, ಟ್ರೊಂಬೋನ್, ಡ್ರಮ್ಮು ಎಲ್ಲಾನೂ ಒಬ್ಬ ಆರನೇ ಕ್ಲಾಸ್ ಹುಡುಗನಿಗೆ ಹೇಳ್ಕೊಡೋ ಮಟ್ಟಿಗೆ ಕಲೀಬೇಕು. ಪಿಯಾನೊ ಪರೀಕ್ಷೆ, ಥಿಯರಿ, ಕಿವಿ ತರಬೇತಿ, ಕಂಡಕ್ಟಿಂಗ್. ಕೊನೇ ಸೆಮಿಸ್ಟರ್ ಪೂರ್ತಿ ಸ್ಕೂಲಲ್ಲಿ ಸ್ಟೂಡೆಂಟ್ ಟೀಚಿಂಗ್. ಅದಾದ ಮೇಲೆ ರಾಜ್ಯದ ಸರ್ಟಿಫಿಕೇಟ್ ಪರೀಕ್ಷೆ. ಇಷ್ಟಾದ್ರೆ ಸ್ಕೂಲ್ ಕೆಲಸ ಸಿಗುತ್ತೆ, ಟೆಕ್ಸಾಸಲ್ಲಂತೂ ಒಂದೊಂದು ಹೈಸ್ಕೂಲಿಗೆ ಇಬ್ಬರು ಮೂವರು ಡೈರೆಕ್ಟರ್‌ಗಳಿರ್ತಾರೆ, ನಿಮಗೇ ಗೊತ್ತಿರುತ್ತೆ.

ಯೂನಿವರ್ಸಿಟಿಗೆ ಬರ್ಬೇಕು ಅಂದ್ರೆ ಕೆಲವು ವರ್ಷ ಪಾಠ ಮಾಡಿ, ವಿಂಡ್ ಕಂಡಕ್ಟಿಂಗ್‌ನಲ್ಲಿ ಮಾಸ್ಟರ್ಸು, ಆಮೇಲೆ ಡಿಎಂಎ ಅಂತ ಡಾಕ್ಟರೇಟು. ಒಂದು ಕಡೆ ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತಗೋತಾರೆ ಅಷ್ಟೇ, ಆದ್ರೆ ತಗೊಂಡವ್ರಿಗೆ ಸಾಮಾನ್ಯವಾಗಿ ಅಸಿಸ್ಟೆಂಟ್‌ಶಿಪ್ ಕೊಡ್ತಾರೆ, ಫೀಸ್ ಬಿಟ್ಟು ಕೈಖರ್ಚಿಗೆ ಸ್ವಲ್ಪ ದುಡ್ಡು ಬರುತ್ತೆ. ನಾನು ಮೊದಲನೇ ಸಲ ನಾಲ್ಕು ಕಡೆ ಹಾಕಿದ್ದೆ, ನಾಲ್ಕೂ ಕಡೆ ಬೇಡ ಅಂದ್ರು. ಒಬ್ಬರು ಮಾತ್ರ ಫೋನ್ ಮಾಡಿ ಕಾರಣ ಹೇಳಿದ್ರು, ನಿನ್ನ ವಿಡಿಯೋದಲ್ಲಿ ಕೈ ಚೆನ್ನಾಗಿದೆ ಆದ್ರೆ ನೀನು ಕೇಳಿಸ್ಕೋತಿಲ್ಲ, ಎರಡನೇ ಕ್ಲಾರಿನೆಟ್ ಆರು ಸಲ ಅದೇ ತಪ್ಪು ನುಡಿಸಿದ್ರೂ ಮುಂದೆ ಹೋಗ್ತಿದೀಯ ಅಂತ. ಅವತ್ತು ತುಂಬ ಅತ್ತೆ. ಆಮೇಲೆ ಇನ್ನೂ ಮೂರು ವರ್ಷ ಮಿಡ್ಲ್ ಸ್ಕೂಲಲ್ಲೇ ಇದ್ದು ಕಿವಿ ರಿಪೇರಿ ಮಾಡ್ಕೊಂಡೆ.

ರಾವ್ ನ್ಯೂಜೆರ್ಸಿ

ಮೇಷ್ಟ್ರು ಬರೆದಿದ್ದು ಚೆನ್ನಾಗಿದೆ, ಆದ್ರೆ ಅಪ್ಪನ ಚಿಂತೇನೂ ಯಾರಾದ್ರೂ ಹೇಳ್ಬೇಕು. ನನ್ನ ತಂಗಿ ಮಗನ ವೀಸಾ ವಿಷಯದಲ್ಲಿ ಓಡಾಡಿದೀನಿ, ಅದರ ಮೇಲೆ ಹೇಳ್ತೀನಿ. ಎಚ್-4 ಮಗುಗೆ 21 ತುಂಬಿದ್ರೆ ಡಿಪೆಂಡೆಂಟ್ ಸ್ಟೇಟಸ್ ಮುಗೀತು, ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ರೆ ಎಫ್-1 ಅನ್ನೋ ಸ್ಟೂಡೆಂಟ್ ವೀಸಾಗೆ ಬದಲಾಯಿಸ್ಬೇಕು. ಡಿಗ್ರಿ ಆದ್ಮೇಲೆ ಓಪಿಟಿ, ಅಂದ್ರೆ ಓದಿದ್ದಕ್ಕೆ ಸಂಬಂಧಪಟ್ಟ ಕೆಲಸ ಮಾಡೋಕೆ ಅನುಮತಿ, 12 ತಿಂಗಳು. ಇಂಜಿನಿಯರಿಂಗ್‌ನವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತೆ, ಮ್ಯೂಸಿಕ್ ಎಜುಕೇಶನ್‌ಗೆ ಅದು ಇಲ್ಲ. ಎಚ್-1ಬಿ ಅನ್ನೋ ಕೆಲಸದ ವೀಸಾಗೆ ಯೂನಿವರ್ಸಿಟಿಗಳು ಲಾಟರಿ ಇಲ್ಲದೆ ಹಾಕ್ಬಹುದು, ಸರ್ಕಾರಿ ಶಾಲೆಗಳನ್ನ ನಡೆಸೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಬಹುಪಾಲು ಲಾಟರಿಯಲ್ಲೇ ಬರಬೇಕು. ಅಂದ್ರೆ ಈ ಹುಡುಗಿಗೆ ಯಾವ ಮೆಟ್ಟಿಲು ಮೊದಲು ಹತ್ತಬೇಕೋ ಅಲ್ಲೇ ವೀಸಾ ಕಷ್ಟ. ನಾನು ಬೇಡ ಅನ್ನೋಕೆ ಹೇಳ್ತಿಲ್ಲ ತಾಯಿ. ಈಗಲೇ ಒಬ್ಬ ಒಳ್ಳೆ ಲಾಯರ್ ಹತ್ರ ಕೂತು ಅವಳ ವಯಸ್ಸು, ನಿಮ್ಮ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಮ್ಮ ಸರದಿ ಹೇಳೋ ತಾರೀಖು) ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿಸಿ. ನಿಯಮ ಬದಲಾಗ್ತಾನೇ ಇರುತ್ತೆ, ಇಲ್ಲಿ ನಾವು ಬರೆದಿದ್ದನ್ನೇ ನಂಬ್ಕೊಂಡು ಕೂರಬೇಡಿ.

ಹಾರ್ನ್ ಮೇಷ್ಟ್ರು

ರಾವ್ ಸರ್ ಹೇಳಿದ್ದು ನಿಜ, ನಾನು ಮರೆತಿದ್ದೆ, ನನಗೆ ಕಾಲೇಜಿಗೆ ಮುಂಚೆನೇ ಗ್ರೀನ್ ಕಾರ್ಡ್ ಬಂದಿತ್ತು. ಅಕ್ಕ, ಇದನ್ನ ಮೊದಲು ಮಾಡಿ.

ಧಾರವಾಡದ ಗಣಿತ ಮಾಸ್ತರ

ನಮಸ್ಕಾರರಿ. ನಾ ಸಂಗೀತದಾಂವ ಅಲ್ಲ, ಇಲ್ಲೆ ಒಂದು ಯೂನಿವರ್ಸಿಟಿಯೊಳಗ ಗಣಿತ ಕಲಸ್ತೇನಿ. ಆದ್ರ ನಮ್ಮಲ್ಲೆ ಡೈರೆಕ್ಟರ್ ಆಫ್ ಬ್ಯಾಂಡ್ಸ್ ಆರಸೂ ಕಮಿಟಿಯೊಳಗ ಹೊರಗಿನ ಮೆಂಬರ್ ಅಂತ ನನ್ನ ಹಾಕಿದ್ರು, ಹಿಂಗಾಗಿ ಒಳಗ ಏನ ನಡೀತದ ಅಂತ ಕಣ್ಣಾರೆ ನೋಡೇನಿ.

ಮೊದಲ ಅರ್ಜಿ, ಪತ್ರ, ವಿಡಿಯೋ. ವಿಡಿಯೋ ಎರಡು ಥರ ಕೇಳ್ತಾರ, ಒಂದು ಕಛೇರಿದು, ಒಂದು ರಿಹರ್ಸಲ್‌ದು. ಕಛೇರಿದು ಎಲ್ಲಾರದೂ ಚಂದನ ಇತ್ರಿ, ಕಮಿಟಿಯೊಳಗ ಇದ್ದ ಸಂಗೀತದವರು ಅದನ್ನ ಒಂದೆರಡು ನಿಮಿಷ ನೋಡಿ ಬಿಟ್ರು. ರಿಹರ್ಸಲ್ ವಿಡಿಯೋ ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿದ್ರು. ಯಾಕಂತ ಕೇಳಿದ್ದಕ್ಕ, ಕಛೇರಿ ಅಂದ್ರ ಉತ್ತರ, ರಿಹರ್ಸಲ್ ಅಂದ್ರ ಲೆಕ್ಕ ಬಿಡಿಸಿದ ರೀತಿ ಅಂದ್ರು. ನನಗ ಆ ಮಾತು ಭಾಳ ಲಗೂನ ತಿಳೀತು.

ಕಡೀಕ ಮೂರು ಮಂದೀನ ಕರಿಸಿದ್ವಿ, ಒಬ್ಬೊಬ್ಬರಿಗೂ ಎರಡು ದಿನ. ಡೀನ್ ಕೂಡ ಮಾತು, ಹುಡುಗರ ಕೂಡ ಊಟ, ಕಂಡಕ್ಟಿಂಗ್ ಕ್ಲಾಸ್ ಒಂದು ತಾಸು, ಮತ್ತ ನಮ್ಮ ವಿಂಡ್ ಎನ್‌ಸೆಂಬಲ್ ಕೂಡ ನಲವತ್ತು ನಿಮಿಷ ರಿಹರ್ಸಲ್. ಹುಡುಗರು ಯಾರ ಮುಖಾನೂ ಮೊದಲ ನೋಡಿಲ್ಲ. ಮೊದಲನೇದವರು ಭಾಳ ದೊಡ್ಡ ಹೆಸರು, ನಲವತ್ತರೊಳಗ ಹದಿನೈದು ನಿಮಿಷ ತಾವ ಮಾತಾಡಿದ್ರು. ಮೂರನೇದವರು ಒಬ್ಬ ಹೆಣ್ಣುಮಗಳು, ಹನ್ನೆರಡು ವರ್ಷ ಸ್ಕೂಲಿನ್ಯಾಗ ಕಲಿಸಿ ಬಂದವರು. ಬಂದಾಕಿನ ನಮಸ್ಕಾರ ಅಂದು ಕೈ ಎತ್ತಿದ್ರು, ಐದು ನಿಮಿಷ ನಿಲ್ಲಸದ ನುಡಿಸಿದ್ರು, ಆಮ್ಯಾಲ ಮೂರನೇ ಹಾರ್ನಿನ ಹುಡುಗನ್ನ ನೋಡಿ, ನಿನ್ನ ಪುಟದೊಳಗ ಆ ಸ್ವರ ತಪ್ಪು ಅಚ್ಚಾಗೇದ, ನೀ ಸರಿ ಓದಾಕತ್ತಿ, ಪೆನ್ಸಿಲ್ ತಗೋ ಅಂದ್ರು. ಆ ಹುಡುಗ ಒಂದು ತಿಂಗಳಿಂದ ತನ್ನದ ತಪ್ಪು ಅಂತ ತಿಳಕೊಂಡಿದ್ದ. ಅವನ ಮಾರಿ ನೀವು ನೋಡಬೇಕಿತ್ರಿ. ಅವರಿಗೇ ಕೆಲಸ ಆತು.

ಪ್ಲೇನೋ ಅಮ್ಮ

ಇದನ್ನ ಓದಿ ಮಗಳಿಗೆ ತೋರಿಸ್ದೆ ಸರ್. ಮೂರನೇ ಹಾರ್ನ್ ಅಂದ್ರೆ ನಾನೇ ಅಮ್ಮ, ನಾನೂ ಮೂರನೇ ಹಾರ್ನೇ ಅಂದ್ಲು, ಎರಡು ಸಲ ಓದ್ಕೊಂಡ್ಲು.

ಒಂದು ಸಂದೇಹ. ಸ್ವರ ತಪ್ಪಾಗಿ ಅಚ್ಚಾಗಿದೆ ಅಂತ ಅಷ್ಟು ಜನರ ಮಧ್ಯೆ ಹೇಗೆ ಗೊತ್ತಾಗುತ್ತೆ?

ಹಾರ್ನ್ ಮೇಷ್ಟ್ರು

ಅದೇ ಈ ಕೆಲಸದ ಜೀವ ಅಕ್ಕ. ನಮ್ಮ ಕಛೇರೀಲಿ ಎಲ್ಲರದ್ದೂ ಒಂದೇ ಶ್ರುತಿ ಅಲ್ವಾ, ಬ್ಯಾಂಡಲ್ಲಿ ಹಾಗಲ್ಲ. ಹಾರ್ನಿನವರ ಪುಟದಲ್ಲಿ 'ಸಿ' ಅಂತ ಬರೆದಿದ್ರೆ ಕೇಳಿಸೋದು 'ಎಫ್', ಕ್ಲಾರಿನೆಟ್‌ನವರ 'ಸಿ' ಕೇಳಿಸೋದು 'ಬಿ ಫ್ಲಾಟ್', ಆಲ್ಟೊ ಸ್ಯಾಕ್ಸೋಫೋನಿಗೆ 'ಇ ಫ್ಲಾಟ್'. ಸ್ಕೋರ್ ಅಂತ ಒಂದು ದೊಡ್ಡ ಪುಸ್ತಕ ಇರುತ್ತೆ, ಒಂದೇ ಪುಟದಲ್ಲಿ ಇಪ್ಪತ್ತು ಮೂವತ್ತು ಸಾಲು, ಒಂದೊಂದು ಸಾಲೂ ಒಂದೊಂದು ವಾದ್ಯ. ಇದನ್ನೆಲ್ಲ ತಲೇಲೇ ತಿರುಗಿಸಿ ಏನು ಕೇಳಿಸ್ಬೇಕು ಅಂತ ಮೊದಲೇ ಒಳಗೆ ಕೇಳಿಸ್ಕೊಂಡು ಹೋಗ್ಬೇಕು, ಆಮೇಲೆ ಹೊರಗೆ ಕೇಳಿಸಿದ್ದಕ್ಕೂ ಅದಕ್ಕೂ ಎಲ್ಲಿ ವ್ಯತ್ಯಾಸ ಅಂತ ಹಿಡೀಬೇಕು. ಒಂದು ಕೃತಿಗೆ ನಾನು ತಿಂಗಳುಗಟ್ಟಲೆ ಬೆಳಗ್ಗೆ ಐದಕ್ಕೆ ಎದ್ದು ಕೂರ್ತೀನಿ. ಕೈ ಬೀಸೋದು ಕೊನೇದು.

ಈ ಕಿವಿ ಎಲ್ಲಿ ಬರುತ್ತೆ ಅಂದ್ರೆ ಆರನೇ ಕ್ಲಾಸಲ್ಲಿ. ಮೂವತ್ತು ಮಕ್ಕಳು ಮೊದಲ ಸಲ ಊದ್ತಿರ್ತಾರೆ, ಯಾರ ರೀಡ್ ಒಡೆದಿದೆ, ಯಾರ ಬೆರಳು ತೂತು ಪೂರ್ತಿ ಮುಚ್ಚಿಲ್ಲ, ಯಾರು ಹೆದರ್ಕೊಂಡು ಊದ್ದೇನೇ ಕೂತಿದ್ದಾರೆ, ಇದೆಲ್ಲ ಶಬ್ದದಲ್ಲೇ ಗೊತ್ತಾಗ್ಬೇಕು. ಅಲ್ಲಿ ಕಲಿತದ್ದೇ ಇಲ್ಲಿ ಪ್ರತಿದಿನ ಉಪಯೋಗಕ್ಕೆ ಬರ್ತಿದೆ.

ಪೋಡಿಯಂ ಕೊಡ್ತಾರಾ ಅಂತ ಕೇಳಿದ್ರಲ್ಲ, ಅದನ್ನ ತೇಲಿಸಿ ಹೇಳೋಕೆ ನನಗೆ ಇಷ್ಟ ಇಲ್ಲ. ಅಮೆರಿಕನ್ ಬ್ಯಾಂಡ್‌ಮಾಸ್ಟರ್ಸ್ ಅಸೋಸಿಯೇಷನ್ ಶುರುವಾಗಿದ್ದು 1929ರಲ್ಲಿ, ಅದಕ್ಕೆ ಮೊದಲ ಹೆಣ್ಣು ಸದಸ್ಯೆ, ಗ್ಲ್ಯಾಡಿಸ್ ರೈಟ್, ಆಯ್ಕೆಯಾಗಿದ್ದು 1984ರಲ್ಲಿ. ಅವರೂ ಹೈಸ್ಕೂಲ್ ಬ್ಯಾಂಡ್ ಮೇಡಮ್ಮೇ. ಅಷ್ಟು ವರ್ಷ ಬಾಗಿಲು ಮುಚ್ಚಿತ್ತು. ಫ್ಲೋರಿಡಾ ಎ ಅಂಡ್ ಎಂ ಯೂನಿವರ್ಸಿಟಿಯ ವಿಲಿಯಂ ಫಾಸ್ಟರ್ ಅಂತ ಇದ್ರು, ಕ್ಯಾನ್ಸಸ್ ಯೂನಿವರ್ಸಿಟೀಲಿ ಓದುವಾಗ ಅವರಿಗೆ ಕಪ್ಪು ಜನಕ್ಕೆ ಕಂಡಕ್ಟರ್ ಕೆಲಸ ಎಲ್ಲೂ ಇಲ್ಲ ಅಂತ ಹೇಳಿ ಕಳಿಸಿದ್ರು. ಅವರು 1946ರಲ್ಲಿ ಫ್ಲೋರಿಡಾಕ್ಕೆ ಹೋಗಿ ಒಂದು ಸಣ್ಣ ಬ್ಯಾಂಡನ್ನ ಕೈಗೆ ತಗೊಂಡು 1998ರ ತನಕ ನಡೆಸಿದ್ರು, ಮಾರ್ಚಿಂಗ್ 100 ಅಂತ ಅದಕ್ಕೆ ಹೆಸರು. 1989ರಲ್ಲಿ ಫ್ರಾನ್ಸಿನ ಕ್ರಾಂತಿಗೆ ಇನ್ನೂರು ವರ್ಷ ಆದಾಗ ಪ್ಯಾರಿಸ್ಸಿನ ಮೆರವಣಿಗೇಲಿ ಅಮೆರಿಕದ ಪರವಾಗಿ ನಡೆದದ್ದು ಇವರ ಬ್ಯಾಂಡು. ನನ್ನ ಹಳೇ ಸ್ಕೂಲ್ ರೂಮಲ್ಲಿ ಅವರ ಫೋಟೋ ಹಾಕಿದ್ದೆ, ಈಗಿನ ಆಫೀಸಲ್ಲೂ ಇದೆ. ಈಗ ದೊಡ್ಡ ಯೂನಿವರ್ಸಿಟಿಗಳಲ್ಲಿ ಹೆಂಗಸರು ಡೈರೆಕ್ಟರ್ ಆಗಿದ್ದಾರೆ, ಆದ್ರೂ ಕಾನ್ಫರೆನ್ಸಿಗೆ ಹೋದ್ರೆ ಕೋಣೆ ತುಂಬ ಗಂಡಸರೇ. ನಮ್ಮ ಬಣ್ಣದವ್ರನ್ನ ನಾನು ಬೆರಳಲ್ಲಿ ಎಣಿಸ್ಬಹುದು. ಇದು ಅವಳಿಗೆ ಈಗಲೇ ಗೊತ್ತಿರಲಿ.

ಇನ್ನೊಂದು ವಿಷಯ. ಡೈರೆಕ್ಟರ್ ಕುರ್ಚಿ ತುಂಬ ಕಡಿಮೆ, ಖಾಲಿ ಆಗೋದು ಇನ್ನೂ ಕಡಿಮೆ. ನಾರ್ತ್‌ವೆಸ್ಟರ್ನ್‌ನಲ್ಲಿ ಗ್ಲೆನ್ ಬೇನಮ್ 1926ರಿಂದ, ಜಾನ್ ಪೇಂಟರ್ 1953ರಿಂದ, ಅವರಾದ ಮೇಲೆ 1996ರಲ್ಲಿ ಮ್ಯಾಲರಿ ಥಾಂಪ್ಸನ್ ಬಂದ್ರು, ಅಂದ್ರೆ ಎಪ್ಪತ್ತು ವರ್ಷಕ್ಕೆ ಮೂರನೇ ಹೆಸರು. ಆ ಕುರ್ಚಿಗೋಸ್ಕರ ಮಾತ್ರ ಬದುಕಿದ್ರೆ ಮನಸ್ಸು ಮುರಿದು ಹೋಗುತ್ತೆ. ನನ್ನ ಜೊತೆ ಡಿಎಂಎ ಮಾಡಿದವರಲ್ಲಿ ಇಬ್ಬರು ವಾಪಸ್ ಹೈಸ್ಕೂಲಿಗೆ ಹೋದ್ರು, ಇಬ್ಬರೂ ಖುಷಿಯಾಗಿದ್ದಾರೆ, ಯಾಕಂದ್ರೆ ಅವ್ರಿಗೆ ಮೊದಲಿಂದಲೂ ಮಕ್ಕಳಿಗೆ ಕಲಿಸೋದೇ ಬೇಕಿತ್ತು.

ಅಗ್ರಹಾರದ ವಾಸು

ಮೈಸೂರಿಂದ. ನಮ್ಮ ದೊಡ್ಡಪ್ಪ ಪೊಲೀಸ್ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸ್ತಿದ್ರು, ಅದಕ್ಕೆ ಈ ಚರ್ಚೆ ಪೂರ್ತಿ ಓದ್ದೆ. ಊದೋ ಬ್ಯಾಂಡು ನಮಗೆ ಹೊಸದೇನಲ್ಲ. ಅರಮನೇಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇತ್ತು, ನಾಲ್ವಡಿಯವರ ಕಾಲಕ್ಕೆ ಒಟ್ಟೊ ಷ್ಮಿಟ್ ಅನ್ನೋ ಜರ್ಮನ್ನರು ಇಲ್ಲಿ ಕಲಿಸ್ತಿದ್ರು. ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಮೊದಲು ನೋಡಿ ಮರುಳಾಗಿದ್ದೇ ಅರಮನೆ ಬ್ಯಾಂಡಲ್ಲಿ, ಅಲ್ಲಿಂದ 1994ರ ಬಿಬಿಸಿ ಪ್ರಾಮ್ಸ್ ತನಕ ಹೋದ್ರು. ಆದ್ರೆ ನಮ್ಮಲ್ಲಿ ಬ್ಯಾಂಡ್ ಅಂದ್ರೆ ಪೊಲೀಸು, ಇಲ್ಲಾ ಸೈನ್ಯ. ಪಚ್‌ಮಢಿಯಲ್ಲಿ ಸೇನೆಯವರು ಬ್ಯಾಂಡ್ ಕಲಿಸೋ ಶಾಲೆ ಇದೆಯಲ್ಲ, ಅದು 1950ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರ ಆಸಕ್ತಿಯಿಂದ ಶುರುವಾಗಿದ್ದು. ದೊಡ್ಡಪ್ಪ ಪರೇಡ್ ಮುಗಿಸಿ ಬಂದು ಸಂಜೆ ಬೀದಿ ಹುಡುಗರಿಗೆ ಕ್ಲಾರಿನೆಟ್ ಹೇಳ್ಕೊಡೋಕೆ ನೋಡ್ತಿದ್ರು, ಇದ್ದಿದ್ದು ಒಂದೇ ವಾದ್ಯ, ಸರದಿ ಬರೋಷ್ಟರಲ್ಲಿ ಹುಡುಗರು ಎದ್ದು ಹೋಗ್ತಿದ್ರು. ಸರ್ಕಾರಿ ಸ್ಕೂಲಲ್ಲೇ ಮಗು ಕೈಗೆ ಹಾರ್ನ್ ಕೊಟ್ಟು ದಿನಾ ಪಾಠ ಮಾಡ್ತಾರೆ ಅನ್ನೋದು ಕೇಳಿದ್ರೆ ಅವರಿಗೆ ಎಷ್ಟು ಸಂತೋಷ ಆಗ್ತಿತ್ತೋ. ಮೇಡಂ, ನಿಮ್ಮ ಮಗಳು ಅವಳು ಪಡೆದಿದ್ದನ್ನೇ ವಾಪಸ್ ಕೊಡ್ತೀನಿ ಅಂತಿದ್ದಾಳೆ.

ಕಾರ್ಕಳದ ರೇಷ್ಮಾ

ಯೂನಿವರ್ಸಿಟಿ ಕೆಲಸ ಸಿಕ್ಕಿದ ಮೇಲೆ ಏನು ಮಾಡ್ಲಿಕ್ಕುಂಟು ಅಂತ ಸ್ವಲ್ಪ ಹೇಳಿ ಸರ್. ಟೆನ್ಯೂರಿಗೆ, ಅಂದ್ರೆ ಕೆಲಸ ಖಾಯಂ ಆಗ್ಲಿಕ್ಕೆ, ಪೇಪರ್ ಬರೀಬೇಕಾ? ನಾನು ಬಯಾಲಜಿ, ನಮಗೆ ಅದೇ ಕುತ್ತಿಗೆಗೆ ಕಟ್ಟಿದ ಕಲ್ಲು.

ಹಾರ್ನ್ ಮೇಷ್ಟ್ರು

ಪೇಪರ್‌ಗಿಂತ ನಮ್ಮಲ್ಲಿ ಕ್ರಿಯೇಟಿವ್ ವರ್ಕ್ ಲೆಕ್ಕ. ಬೇರೆ ರಾಜ್ಯದ ಆಲ್-ಸ್ಟೇಟ್ ಬ್ಯಾಂಡಿಗೆ ಕರೆದ್ರಾ, ಕಾನ್ಫರೆನ್ಸಲ್ಲಿ ನಿಮ್ಮ ಬ್ಯಾಂಡ್ ನುಡಿಸ್ತಾ, ಹೊಸ ಕೃತಿ ಬರೆಸಿದ್ರಾ. ಕೃತಿ ಬರೆಸೋಕೆ ದುಡ್ಡು ಜಾಸ್ತಿ ಆಗುತ್ತೆ, ಅದಕ್ಕೆ ಹತ್ತಿಪ್ಪತ್ತು ಸ್ಕೂಲು ಕಾಲೇಜು ಸೇರ್ಕೊಂಡು ಹಂಚ್ಕೋತೀವಿ. ಬ್ಯಾಂಡಿಗೆ ಅಂತ ಬರೆದ ಕೃತಿಗಳ ಭಂಡಾರ ಬೆಳೆದಿದ್ದೇ ಹೀಗೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಕಾರೆಲ್ ಹುಸಾ ಅನ್ನೋ ಸಂಯೋಜಕರು ಬರೆದ ಕೃತಿ ಇದೆ, ಅವರು ಅಲ್ಲೇ ಹುಟ್ಟಿದವರು, ಅದನ್ನ ಬರೆಸಿದ್ದು ಇಥಾಕಾ ಕಾಲೇಜು, ಮೊದಲು ನುಡಿಸಿದ್ದೂ ಆ ಕಾಲೇಜಿನ ವಿದ್ಯಾರ್ಥಿಗಳೇ. ಅಂಥ ಕೃತಿ ಹುಟ್ಟೋವಾಗ ಆ ಕೋಣೇಲಿ ಕೂತಿರೋದು 19 ವರ್ಷದ ಮಕ್ಕಳಿಗೆ ಏನು ಮಾಡುತ್ತೆ ಯೋಚನೆ ಮಾಡಿ.

ಆದ್ರೆ ಹೊಸಬರಿಗೆ ಮೊದಲು ಸಿಗೋದು ಸಾಮಾನ್ಯವಾಗಿ ಮಾರ್ಚಿಂಗ್ ಬ್ಯಾಂಡು. ಆಗಸ್ಟಲ್ಲಿ ಕ್ಯಾಂಪ್, ಆಮೇಲೆ ನವೆಂಬರ್ ತನಕ ಶನಿವಾರ ಎಲ್ಲ ಫುಟ್‌ಬಾಲ್ ಮ್ಯಾಚಿಗೆ. ಇನ್ನೂರು ಮುನ್ನೂರು ಮಕ್ಕಳ ಬಸ್ಸು, ಊಟ, ಯೂನಿಫಾರಂ, ಬಜೆಟ್ಟು. ನನ್ನ ಮಗಳ ಹುಟ್ಟಿದಹಬ್ಬ ಅಕ್ಟೋಬರ್‌ನಲ್ಲಿ, ಶನಿವಾರ ಬಂದಾಗೆಲ್ಲ ನಾನು ಸ್ಟೇಡಿಯಂನಲ್ಲೇ. ಮನೆಯವರ ಸಹಾಯ ಇಲ್ದೆ ಈ ಕೆಲಸ ಆಗಲ್ಲ. ಸಂಬಳ ಸಾಫ್ಟ್‌ವೇರ್ ಅಷ್ಟು ಇಲ್ಲವೇ ಇಲ್ಲ. ಟೆಕ್ಸಾಸ್ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಪೇ ಸ್ಕೇಲನ್ನ ವೆಬ್‌ಸೈಟಲ್ಲೇ ಹಾಕ್ತವೆ, ಟೀಚರ್ ಸಂಬಳದ ಮೇಲೆ ಬ್ಯಾಂಡ್ ಡೈರೆಕ್ಟರ್‌ಗೆ ಸ್ಟೈಪೆಂಡ್ ಎಷ್ಟು, ಮಾಮೂಲಿ 187 ದಿನದ ಬದಲು ಎಷ್ಟು ದಿನದ ಕಾಂಟ್ರಾಕ್ಟ್ ಅಂತ ಅದರಲ್ಲೇ ಇರುತ್ತೆ. ಭಾವನವರ ಜೊತೆ ಕೂತು ನೋಡಿ, ಅಂಕಿ ನೋಡಿದ್ರೆ ಅವರ ಭಯ ಸ್ವಲ್ಪ ಕಡಿಮೆ ಆಗುತ್ತೆ ಅನ್ಸುತ್ತೆ.

ಮಗಳಿಗೆ ಒಂದು ಕೆಲಸ ಕೊಡ್ತೀನಿ. ಅವಳು ಓದಿದ ಮಿಡ್ಲ್ ಸ್ಕೂಲಿಗೆ ಹೋಗಿ, ಡೈರೆಕ್ಟರ್‌ನ ಕೇಳಿ, ವಾರಕ್ಕೊಂದು ದಿನ ಹೊಸ ಹಾರ್ನ್ ಮಕ್ಕಳ ಜೊತೆ ಕೂರಲಿ. ಅದು ಬೇಜಾರಾದ್ರೆ ಪರ್ಫಾರ್ಮೆನ್ಸ್ ಓದಲಿ, ಏನೂ ತಪ್ಪಿಲ್ಲ. ಅದು ಇಷ್ಟ ಆದ್ರೆ ಮತ್ತೆ ಬರೀರಿ.

ಪ್ಲೇನೋ ಅಮ್ಮ

ಮೂರು ವಾರ ಆಯ್ತು, ಮತ್ತೆ ಬರೀರಿ ಅಂದಿದ್ರಲ್ಲ.

ಲಾಯರ್ ಹತ್ರ ಹೋಗಿ ಬಂದ್ವಿ. 21 ಆಗೋಷ್ಟರಲ್ಲಿ ಬರೋದು ಕಷ್ಟ ಅಂದ್ರು, ಎಫ್-1ಗೆ ಯಾವಾಗ ಬದಲಾಯಿಸ್ಬೇಕು ಅಂತ ತಾರೀಖು ಬರೆದು ಕೊಟ್ಟಿದ್ದಾರೆ. ರಾವ್ ಸರ್, ತುಂಬ ಉಪಕಾರ ಆಯ್ತು. ನಮ್ಮನೆಯವ್ರು ಎರಡು ಡಿಸ್ಟ್ರಿಕ್ಟಿನ ಪೇ ಸ್ಕೇಲ್ ಪ್ರಿಂಟ್ ತೆಗೆದು ಗೆರೆ ಎಳೆದು ನೋಡಿದ್ರು. ಒಪ್ಪಿದೀನಿ ಅಂತ ಬಾಯಲ್ಲಿ ಹೇಳಿಲ್ಲ, ಆದ್ರೆ ಮುಂದಿನ ವರ್ಷ ಜನವರಿ ಫೆಬ್ರವರೀಲಿ ಯಾವ ಯಾವ ಶನಿವಾರ ಕಾಲೇಜ್ ಆಡಿಷನ್ ಬರುತ್ತೆ ಅಂತ ಅವಳನ್ನೇ ಕೇಳಿದ್ರು.

ಮಗಳು ಮಂಗಳವಾರ ಮಂಗಳವಾರ ಮಿಡ್ಲ್ ಸ್ಕೂಲಿಗೆ ಹೋಗ್ತಿದ್ದಾಳೆ. ಒಬ್ಬ ಹುಡುಗ ಮೌತ್‌ಪೀಸನ್ನ ತುಟಿಗೆ ಒತ್ತಿ ಒತ್ತಿ ಊದಿ ಸ್ವರ ಬರದೆ ಅಳೋ ಹಾಗೆ ಆಗಿದ್ನಂತೆ, ಇವಳು ಹಾರ್ನನ್ನ ಪಕ್ಕಕ್ಕಿಡಿಸಿ ಬರೀ ತುಟೀಲಿ ಬುರ್‌ರ್ ಅನ್ನಿಸಿ, ಆಮೇಲೆ ಮೌತ್‌ಪೀಸನ್ನ ಎರಡೇ ಬೆರಳಲ್ಲಿ ಹಿಡಿಸಿ ಊದಿಸಿದ್ಲಂತೆ, ಒತ್ತೋಕೆ ಆಗಬಾರದು ಅಂತ. ನಾಲ್ಕು ಸೆಕೆಂಡ್ ಒಂದೇ ಸ್ವರ ನಿಂತಿತಂತೆ. ಕಾರಲ್ಲಿ ಮನೆ ತನಕ ಅದನ್ನೇ ಹೇಳಿದ್ಲು.

ಹಾರ್ನ್ ಮೇಷ್ಟ್ರು

ಎರಡು ಬೆರಳಿನ ಉಪಾಯ ಅವಳಿಗೆ ಯಾರು ಹೇಳ್ಕೊಟ್ರು ಕೇಳಿ. ಯಾರೂ ಹೇಳ್ಕೊಡದೆ ತಾನೇ ಯೋಚಿಸಿದ್ದಾದ್ರೆ ನನಗೆ ತಿಳಿಸ್ಲೇಬೇಕು.

ಒಂದು ನೋಟ್‌ಬುಕ್ ಇಡೋಕೆ ಹೇಳಿ. ಹುಡುಗನ ಹೆಸರು ಬೇಡ, ತಾರೀಖು ಹಾಕಿ ನಾಲ್ಕು ಸೆಕೆಂಡ್ ಅಂತ ಬರೀಲಿ, ಮುಂದಿನ ಮಂಗಳವಾರ ಎಷ್ಟು ಬಂತು ಅಂತ ಅದರ ಕೆಳಗೆ ಬರೀಲಿ.